ನಮ್ಮತ್ತೆ ತಲೆ ಎತ್ತಿ ನೋಡಿದರೆ

ನಮ್ಮ ಸೋದರತ್ತೆಯನ್ನು ದಯವಿಟ್ಟು ನಿಮ್ಮ ಮನೆಗೆ ಕರೆಯಬೇಡಿ. ಕರೆಯಲೇಬೇಕಾಗಿ ಬಂದರೆ ಅಂಗಳದಲ್ಲೇ ಕುರ್ಚಿ ಹಾಕಿ, ಚಹಾ ಕೊಟ್ಟು ಕಳಿಸಿಬಿಡಿ. ಅಪ್ಪಿತಪ್ಪಿ ಒಳಗೆ ಬಂದರೋ, ಮುಗಿಯಿತು! ನಿಮ್ಮ ಮುಖ ನೋಡುವ ಮೊದಲು ಅವರು ನಿಮ್ಮ ಛಾವಣಿ ನೋಡುತ್ತಾರೆ. ನೀವು ಹೊಸ ಸೋಫಾ ತಂದಿರಬಹುದು, ಗೋಡೆ ತುಂಬುವ ಟಿವಿ ತಗುಲಿಸಿರಬಹುದು, ನಿಮ್ಮ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿರಬಹುದು. ಅದ್ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ಮೂಲೆಯಲ್ಲಿ ಅಂಗೈಯಗಲದ ತೇವದ ಕಲೆಯೊಂದಿದ್ದರೆ ಅದು ಮಾತ್ರ ಬೀಳುತ್ತದೆ. "ಇಲ್ಲಿ ನೀರು ಇಳೀತದಲ್ರೀ?" ಎಂದು ಕೇಳುತ್ತಾರೆ. ನೀವು ಇಲ್ಲ ಎನ್ನುತ್ತೀರಿ. ಅವರು "ಇಳೀತದ" ಎನ್ನುತ್ತಾರೆ. ಅಲ್ಲಿಗೆ ನಿಮ್ಮ ಉಪಚಾರವೂ ಅವರ ಸೌಜನ್ಯವೂ ಒಟ್ಟಿಗೇ ಮುಗಿದಂತೆ.

ಅವರಿಗೆ ತಲೆ ಸರಿಯಿಲ್ಲ ಎಂದು ಕಲಬುರಗಿಯ ಅರ್ಧ ಬಳಗ ಹೇಳುತ್ತದೆ. ಹೇಳಲಿ! ತಲೆ ಸರಿಯಿರುವವರೆಲ್ಲ ಸೇರಿ ಏನು ಕಡಿದು ಕಟ್ಟೆ ಹಾಕಿದ್ದಾರೆ ಎಂಬುದನ್ನೂ ನಾನು ನೋಡಿದ್ದೇನೆ.

ನನ್ನ ಮದುವೆಯ ಮಾತುಕತೆಯ ಕಥೆಯನ್ನೇ ಕೇಳಿ. ಸೇಡಂ ರಸ್ತೆಯ ಆಚೆಗಿನ ಬಡಾವಣೆಯಲ್ಲಿ ಹುಡುಗನ ಮನೆ. ನಮ್ಮ ಕಡೆಯವರೆಲ್ಲ ಮನೆ ನೋಡಲು ಹೋಗಿದ್ದರು. ಉಪ್ಪಿಟ್ಟು ಬಂತು, ಮೈಸೂರುಪಾಕ ಬಂತು, ಹುಡುಗನೂ ಬಂದ. ಎಲ್ಲರೂ ಹುಡುಗನನ್ನು ನೋಡಿದರೆ ಅತ್ತೆ ಮಾತ್ರ ಅವನ ತಲೆಯಿಂದ ಮೇಲಕ್ಕೆ, ಫ್ಯಾನಿನಿಂದ ಆಚೆಗೆ, ಮೂಲೆಯನ್ನೇ ದಿಟ್ಟಿಸುತ್ತ ಕುಳಿತರು. ಹುಡುಗ ಪಾಪ, ತನ್ನ ತಲೆಯ ಮೇಲೆ ಹಲ್ಲಿ ಬಿದ್ದಿದೆಯೇನೋ ಎಂದು ಎರಡು ಸಲ ಕೂದಲು ಕೊಡವಿಕೊಂಡ. ಕೊನೆಗೆ ನಮ್ಮಪ್ಪ, "ಏನಂತೀ ಅಕ್ಕ?" ಎಂದು ಕೇಳಿದರು. ಅತ್ತೆ ಗಂಭೀರವಾಗಿ ತೀರ್ಪು ಕೊಟ್ಟರು: "ಹುಡುಗ ಛಲೋ ಇದ್ದಾನ. ಛತ್ತು ಛಲೋ ಇಲ್ಲ."

ನನ್ನ ಮಾವನವರು ಸ್ವಾಭಿಮಾನಿ. ಮರುವಾರವೇ ಮೇಸ್ತ್ರಿಯನ್ನು ಕರೆಸಿ ಮಾಳಿಗೆಯನ್ನೆಲ್ಲ ಸರಿ ಮಾಡಿಸಿದರು. ಈಗ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಬಕೆಟ್ ಇಡದ ಮನೆ ನಮ್ಮದೊಂದೇ. ಆದರೂ ನನ್ನ ಗಂಡ ಇಂದಿಗೂ ಕೊಂಕು ಬಿಡುವುದಿಲ್ಲ. "ನಿಮ್ಮತ್ತಿ ಪಾಸ್ ಮಾಡಿದ್ದು ನಮ್ಮ ಮಾಳಿಗೀನ. ನಾನು ಅದರ ಸಂಗಟ ಪುಕ್ಕಟೆ ಬಂದೀನಿ" ಎನ್ನುತ್ತಾನೆ. ಅದು ನಿಜವೇ.

ಈ ಚಟ ಅವರಿಗೆ ಹತ್ತಿದ್ದು ನೌಕರಿಯಿಂದ. ಸರ್ಕಾರಿ ಕಟ್ಟಡಗಳ ಕಚೇರಿಯೊಂದರಲ್ಲಿ ನಕ್ಷೆ ಬರೆಯುವುದು ಅವರ ಕೆಲಸ. ವರ್ಷಗಟ್ಟಲೆ ಎತ್ತರದ ಮೇಜಿಗೆ ಬಗ್ಗಿ ನಿಂತು ಶಾಲೆಗಳ ನಕ್ಷೆ ಬರೆದರು. ಇಲ್ಲೊಂದು ಕೋಣೆ, ಅಲ್ಲೊಂದು ವರಾಂಡ, ಗಾಳಿಗೆ ಎದುರುಬದುರು ಕಿಟಕಿ, ಆಚೆ ಹೆಣ್ಣುಮಕ್ಕಳ ಶೌಚಾಲಯ. ಬರೆದ ನಕ್ಷೆ ಸಾಹೇಬರ ಕೋಣೆಗೆ ಹೋಗುತ್ತಿತ್ತು, ಅಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಆ ಶಾಲೆಗಳು ಹೇಗೆ ಎದ್ದವು, ಎದ್ದವೋ ಇಲ್ಲವೋ, ಇವರು ಕಣ್ಣಿಂದ ಕಂಡವರಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ, "ನೋಡಾಕ ಬಂದವರ ಮನಿ ನಾನೂ ನೋಡಬೇಕಲ್ಲವಾ, ಒಂದೂ ಪಾಸ್ ಆಗ್ಲಿಲ್ಲ" ಎಂದು ನಗುತ್ತಾರೆ.

ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನೇನು, ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡಿಕೊಂಡು ಆರಾಮಾಗಿರುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಮರುದಿನ ಬೆಳಗ್ಗೆಯೇ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಾರೆ! ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅವರಿಗಿಂತ ಎತ್ತರದ ಬಿದಿರಿನ ಗಳ.

"ನಿನ್ನ ಗಾಡಿ ತಗೀಯವಾ. ನನ್ನ ಸಾಲಿಗೋಳ್ನ ನೋಡ್ಕೊಂಡು ಬರೂಣು" ಎಂದರು.

ಕೊಟ್ಟ ಮನೆಯಲ್ಲಿ ಹೆಣ್ಣುಮಕ್ಕಳು ಹೇಗಿದ್ದಾರೋ ನೋಡಿ ಬರುತ್ತೇನೆ ಎಂದು ಹೊರಡುವ ತಾಯಿಯ ಧಾಟಿಯಲ್ಲೇ ಹೇಳಿದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಆಗೀಗ ರಜೆ ಹಾಕಿ ಒಂದೆರಡು ಶಾಲೆ ತೋರಿಸಿದರೆ ಸಮಾಧಾನವಾದೀತು ಎಂದು ಒಪ್ಪಿಕೊಂಡೆ. ಅವರು ಆ ನೌಕರಿಯಲ್ಲಿ ಎಷ್ಟು ಶಾಲೆ ಬರೆದಿರಬಹುದು ಎಂದು ಯೋಚಿಸುವ ಬುದ್ಧಿ ಆಗ ನನಗಿರಲಿಲ್ಲ!

ಆ ಗಳದ ಕೆಲಸವೇನು? ಛಾವಣಿಯನ್ನು ತಟ್ಟುವುದು. ಗಟ್ಟಿಯಾಗಿ ಹಿಡಿದುಕೊಂಡ ಸಿಮೆಂಟಿನ ಸದ್ದು ಒಂದು ಥರ, ಒಳಗಿಂದ ಕಳಚಿಕೊಂಡದ್ದರ ಸದ್ದು ಇನ್ನೊಂದು ಥರ. ಅದು ಸರಿ. ಆದರೆ ಆ ಗಳವನ್ನು ಅಡ್ಡಡ್ಡ ಹಿಡಿದು ಸ್ಕೂಟಿಯ ಹಿಂದೆ ಕುಳಿತ ಅರವತ್ತು ದಾಟಿದ ಹೆಂಗಸನ್ನು ಸೇಡಂ ರಸ್ತೆಯ ಸಂಚಾರದಲ್ಲಿ ಒಮ್ಮೆ ಕಲ್ಪಿಸಿಕೊಳ್ಳಿ! ಆಟೋದವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಒಂದು ಸರ್ಕಲ್‌ನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿಯೇ ಬಿಟ್ಟ.

"ಅಮ್ಮಾ, ಇದನ್ನ ಹಿಂಗ ಅಡ್ಡ ಹಿಡ್ಕೊಂಡು ಹೋಗಬಾರ್ದ್ರೀ."

"ಮತ್ತ ಹ್ಯಾಂಗ ಹಿಡೀಲಪ್ಪಾ? ಉದ್ದ ಹಿಡದ್ರ ಮುಂದ್ಲವರಿಗಿ ಚುಚ್ಚತದ, ನೆಟ್ಟಗ ಹಿಡದ್ರ ವಾಯರಿಗಿ ತಾಗತದ. ನಿಮ್ಮ ಕಾಯ್ದಾದಾಗ ಹ್ಯಾಂಗ ಅದ, ಹಂಗ ಹಿಡೀತೀನಿ, ಹೇಳು."

ಗಳ ಹಿಡಿಯುವ ಕಾಯ್ದೆ ಅವನಿಗೂ ಗೊತ್ತಿರಲಿಲ್ಲ. ಯಾತಕ್ಕೆ ಇದು ಎಂದು ಕೇಳಿದ. ಅತ್ತೆ ಹೇಳಿದರು. ಅವನು ಗಳವನ್ನು ತುದಿಯಿಂದ ತುದಿಗೆ ನೋಡಿದ. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳ ಸಾಲಿನೂ ಒಮ್ಮಿ ನೋಡ್ತೀರೇನ್ರೀ?" ಎಂದ. ದಂಡವಿಲ್ಲದೆ ಬಿಟ್ಟದ್ದಲ್ಲದೆ ಎದುರಿನ ಗಾಡಿಗಳನ್ನೂ ನಿಲ್ಲಿಸಿ ನಮ್ಮನ್ನು ದಾಟಿಸಿದ.

ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಒಂದು ಉರ್ದು ಶಾಲೆ. ಮುಖ್ಯೋಪಾಧ್ಯಾಯ ಸಾಹೇಬರು ಬಹಳ ಸಭ್ಯರು. ಬಾಗಿಲಲ್ಲೇ ಎದುರುಗೊಂಡು, "ಆಯಿಯೇ ಆಪಾ, ಪೈಲೆ ಚಾಯ್ ಪೀವೋ" ಎಂದರು. ಅತ್ತೆಯ ಕಣ್ಣು ಆಗಲೇ ಗೋಡೆಯ ಮೇಲಿತ್ತು. "ಚಾಯ್ ಎಲ್ಲಿ ಓಡಿ ಹೋಗ್ತದ ಸಾಹೇಬ್ರ? ಇಲ್ಲಿ ನಾ ಒಂದು ಕಿಟಕಿ ಇಟ್ಟಿದ್ದೆ. ವೋ ಕಿಧರ್ ಹೈ?" ಎಂದು ಕೇಳಿದರು. ನಂಬಿ ಕೊಟ್ಟಿಟ್ಟ ಒಡವೆ ಎಲ್ಲಿ ಎಂದು ಕೇಳುವ ದನಿ ಅದು! ಸಾಹೇಬರು ಗಾಬರಿಯಾದರು. ಕಿಟಕಿ ಎಂದೋ ಇಟ್ಟಿಗೆ ತುಂಬಿಸಿಕೊಂಡು ಮುಚ್ಚಿಹೋಗಿತ್ತು. ಅದರ ಮುಂದೊಂದು ಕಬ್ಬಿಣದ ಅಲಮಾರಿ, ಅಲಮಾರಿಯೊಳಗೆ ಆಟೋಟದಲ್ಲಿ ಗೆದ್ದ ಕಪ್ಪುಗಳು. ಕರೆಂಟು ಹೋದರೆ ಆ ಕೋಣೆಯಲ್ಲಿ ಹಿಂದಿನ ಸಾಲಿನ ಮಕ್ಕಳಿಗೆ ಹಲಗೆ ಕಾಣುತ್ತಿರಲಿಲ್ಲ, ಕಪ್ಪುಗಳಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ.

ಮೂರು ಸಲ ಹೋದೆವು. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ಸಾಹೇಬರೇ ಬೇಸತ್ತು ಗೋಡೆ ಒಡೆಸಿದ್ದರು. ಕೋಣೆಯೊಳಗೆ ಬೆಳಕು ಬಿದ್ದಿತ್ತು. ಅಷ್ಟರಲ್ಲಿ ಆಚೆಯಿಂದ ಒಂದು ತಲೆ ಇಣುಕಿತು. ಆ ಗೋಡೆಗೆ ಆತುಕೊಂಡು ಪಾನ್ ಅಂಗಡಿ ಇಟ್ಟವನದು. "ಅಮ್ಮಾ, ನೀವೇ ಏನ್ರೀ ಕಿಟಕಿ ತಗಸ್ದಾವ್ರು? ಇಡೀ ದಿನ ಮಗ್ಗಿ ಕೇಳಿ ಕೇಳಿ ತಲಿ ಚಿಟ್ಟ ಹಿಡದದ. ಲೆಕ್ಕದಾಗ ಗಿರಾಕಿಗಿ ಮೋಸಾ ಮಾಡೂದೇ ಆಗವಲ್ದು!" ಎಂದು ಗೋಳಾಡಿದ. ಅಂದು ಮಾತ್ರ ಅತ್ತೆ ಚಹಾ ಕುಡಿದರು.

ಬೇರೆ ಶಾಲೆಗಳಲ್ಲಿ ಅವರು ಒಳಗೆ ಕಾಲಿಟ್ಟ ತಕ್ಷಣ ಕೇಳುವುದು ಹೆಣ್ಣುಮಕ್ಕಳ ಪಾಯಖಾನೆ ಎಲ್ಲಿ ಎಂದು. ಪರೀಕ್ಷೆ ಮಾಡುವುದಕ್ಕಲ್ಲ, ತಾವೇ ಹೋಗುವುದಕ್ಕೆ! ಹೋಗಿ ಬರುವ ತನಕ ಯಾರೊಂದಿಗೂ ಮಾತಾಡುವುದಿಲ್ಲ. ಊರ ಹೊರಗಿನ ಒಂದು ಶಾಲೆಯಲ್ಲಿ ಅದಕ್ಕೆ ದೊಡ್ಡ ಬೀಗ ಬಿದ್ದಿತ್ತು. ಒಳಗೆ ಟೈಲ್ಸ್ ಹಾಕಿದ್ದಾರಂತೆ, ಮಕ್ಕಳು ಹೋದರೆ ಹೊಲಸಾಗುತ್ತದಂತೆ. ಅಲ್ಲಿನ ಗುರುಗಳು ಹೆಮ್ಮೆಯಿಂದಲೇ ಹೇಳಿದರು, "ಕಟ್ಟಿದಾಗ ಹ್ಯಾಂಗಿತ್ತೋ ಹಂಗೇ ಇಟ್ಟೀವ್ರೀ."

"ಛಲೋ ಮಾಡೀರಿ" ಎಂದರು ಅತ್ತೆ. "ಸಾಲಿಗೂ ಒಂದು ಬೀಗ ಜಡೀರಿ. ಅದೂ ಹಂಗೇ ಉಳೀತದ."

ಬೀಗದ ಕೈ ಬರುವ ತನಕ ಆ ಬಾಗಿಲ ಮುಂದೆಯೇ ನಿಂತರು. ಹುಡುಗಿಯರು ಮೊದಲು ದೂರದಿಂದ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಬಂದು ಅವರ ಹಿಂದೆ ಸಾಲುಗಟ್ಟಿದರು. ಆ ಸಾಲನ್ನು ನೋಡಿದ ಮೇಲೆ ಗುರುಗಳು ತಾವೇ ಓಡಿಹೋಗಿ ಬೀಗದ ಕೈ ತಂದರು. ತೆಗೆದ ಬೀಗವನ್ನು ಅತ್ತೆ ಅವರ ಕೈಗೆ ವಾಪಸು ಕೊಡಲಿಲ್ಲ, ತಮ್ಮ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು. ಸರ್ಕಾರಿ ಆಸ್ತಿ ಕದ್ದಿದ್ದಾರೆ ಎಂದು ಯಾರಾದರೂ ಕೇಸು ಹಾಕುವುದಾದರೆ ಹಾಕಲಿ, ಸಾಕ್ಷಿ ಹೇಳಲು ನಾನು ಸಿದ್ಧಳಿದ್ದೇನೆ, ಅತ್ತೆಯ ಪರವಾಗಿ!

ಇನ್ನು ನಮ್ಮ ಜಿಲ್ಲೆಯ ಕಮಲಾಪುರ. ಕಮಲಾಪುರ ಎಂದರೆ ನಿಮಗೆಲ್ಲ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ನನಗೆ ಒಂದು ಛಾವಣಿ ನೆನಪಾಗುತ್ತದೆ.

ಅಲ್ಲೊಂದು ಪ್ರಾಥಮಿಕ ಶಾಲೆ. ಅದೂ ಅತ್ತೆಯ ಕೈಯಲ್ಲಿ ನಕ್ಷೆಯಾದದ್ದೇ. ಹಿಂಭಾಗದ ಕೋಣೆಯಲ್ಲಿ ಮೂರನೆಯ ತರಗತಿ ನಡೆಯುತ್ತಿತ್ತು. ಮೇಲೆ ನೋಡಿದರೆ ಅಲ್ಲಲ್ಲಿ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳುಗಳು ಹೊರಗೆ ಬಂದಿದ್ದವು. ಅತ್ತೆ ಮಕ್ಕಳನ್ನು ಹೊರಗೆ ಕಳಿಸಿ ಗಳದಿಂದ ತಟ್ಟುತ್ತ ಹೋದರು. ಒಂದು ಬದಿ ಗಟ್ಟಿ ಇತ್ತು. ಕಿಟಕಿಯ ಬದಿಗೆ ಬಂದಂತೆ ಸದ್ದು ಬೇರೆಯಾಯಿತು. ಅವರು ಯಾವ ವ್ಯಂಗ್ಯವನ್ನೂ ಆಡಲಿಲ್ಲ. ನಮ್ಮತ್ತೆ ವ್ಯಂಗ್ಯ ಆಡಲಿಲ್ಲವೆಂದರೆ ಸುದ್ದಿ ಕೆಟ್ಟದ್ದು ಎಂದೇ ಲೆಕ್ಕ.

"ಈ ಖೋಲ್ಯಾಗ ಮಕ್ಕಳನ್ನ ಕೂಡಿಸಬ್ಯಾಡ್ರಿ ಬಾಯಾರ" ಎಂದರು ಮುಖ್ಯೋಪಾಧ್ಯಾಯಿನಿಗೆ.

"ಮತ್ತ ಎಲ್ಲಿ ಕೂಡಿಸ್ಲಿ ಅಕ್ಕಾವ್ರ? ಖೋಲಿನೇ ಇಲ್ಲ. ಬಂದ್ ಮಾಡಿದ್ರ ಹೈವೇ ಆಚೆ ಇರೂ ಸಾಲಿಗಿ ಇವರನ್ನ ಕಳಿಸು ಅಂತಾರ. ಆ ಲಾರಿಗೋಳ ನಡುವ ಯಾರು ಕಳಿಸ್ತಾರ್ರೀ? ಅರ್ಧಾ ಹೆಣ್ಮಕ್ಕಳು ಮನ್ಯಾಗೇ ಉಳೀತಾವ."

ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಕೋಣೆ ಬೀಳಬಾರದು, ಮಕ್ಕಳು ಶಾಲೆ ಬಿಡಲೂಬಾರದು. ಎರಡಕ್ಕೂ ಉಳಿದದ್ದು ಒಂದೇ ದಾರಿ. ಎಂಜಿನಿಯರ್ ಬಂದು ನೋಡಿ ಈ ಕೋಣೆ ಕೆಲಸಕ್ಕೆ ಬಾರದು ಎಂದು ವರದಿ ಕೊಡಬೇಕು, ಆಗ ಹೊಸ ಕೋಣೆ ಮಂಜೂರಾಗುತ್ತದೆ. ಅತ್ತೆ ಎಂಜಿನಿಯರ್ ಕಚೇರಿಗೆ ಅಲೆಯತೊಡಗಿದರು. ಅಲೆಯುವುದು ಎಂದರೆ ಸುಮ್ಮನೆ ಅಲ್ಲ. ಬೆಳಗ್ಗೆ ಹೋಗಿ ಸಾಹೇಬರ ಬಾಗಿಲ ಎದುರಿನ ಬೆಂಚಿನಲ್ಲಿ ಕೂರುವುದು, ಕಚೇರಿಯ ಛಾವಣಿಯನ್ನೇ ನೋಡುತ್ತಿರುವುದು! ಒಳಗೆ ಹೊರಗೆ ಓಡಾಡುವ ಪ್ರತಿಯೊಬ್ಬರೂ ಒಮ್ಮೆ ಮೇಲೆ ನೋಡುತ್ತಿದ್ದರು. ಕೊನೆಗೆ ಗುಮಾಸ್ತರೊಬ್ಬರು ತಮ್ಮ ಮೇಜನ್ನೇ ಬೇರೆ ಕಡೆ ಸರಿಸಿಕೊಂಡರಂತೆ. ಅದಾದ ಮೇಲೆ ಪರಿಶೀಲನೆಗೆ ದಿನ ಗೊತ್ತಾಯಿತು.

ಆ ದಿನ ನಮ್ಮ ಬಸ್ಸು ತಡವಾಯಿತು. ಶಾಲೆಯ ಗೇಟಿಗೆ ಬಂದರೆ ನಮಗೆ ಊರೇ ತಪ್ಪಿದೆಯೇನೋ ಅನ್ನಿಸಿತು. ಗೇಟಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಗೋಡೆಗೆ ಹಸಿ ಬಣ್ಣದ ವಾಸನೆ. ಹಿಂದಿನ ಕೋಣೆಗೆ ಓಡಿದೆವು. ಅಯ್ಯೋ ದೇವರೇ! ಇಡೀ ಛಾವಣಿಗೆ ಅಡಿಯಿಂದ ಶಾಮಿಯಾನದ ಕೆಂಪು ಹಳದಿ ಬಟ್ಟೆ ಎಳೆದು ಕಟ್ಟಿದ್ದಾರೆ. ಸರಳು, ಬಿರುಕು ಒಂದೂ ಕಾಣುತ್ತಿಲ್ಲ. ಮುಖ್ಯೋಪಾಧ್ಯಾಯಿನಿ ರೇಷ್ಮೆ ಸೀರೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದರು.

"ಈಗಷ್ಟೇ ಹೋದ್ರು ಅಕ್ಕಾವ್ರ! ಸಾಹೇಬ್ರು ಬಾಳ ಖುಷಿ ಆದ್ರು. ಬಾಳೆಹಣ್ಣಿನ ಗೊನಿನೂ ಕಾರಿನಾಗ ಇಟ್ಟು ಕಳಸೀವಿ. ಇಂಥಾ ಛಲೋ ಸಾಲಿ ತಾಲೂಕಿನಾಗೇ ಇಲ್ಲಂತ ಬರಕೊಂಡು ಹೋದ್ರು!"

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಈ ಬಟ್ಟಿ ಯಾಕ ಕಟ್ಟೀರಿ?"

"ಸಾಹೇಬ್ರ ತಲಿ ಮ್ಯಾಲ ಸಿಮೆಂಟು ಬೀಳಬಾರ್ದಂತ್ರೀ."

ಇದನ್ನು ಕೇಳಿ ನಗಬೇಕೋ ಅಳಬೇಕೋ ಹೇಳಿ! ಬೀಳುವ ಸಿಮೆಂಟನ್ನು ನೋಡಲೆಂದೇ ಬಂದ ಮನುಷ್ಯನ ತಲೆಯ ಮೇಲೆ ಸಿಮೆಂಟು ಬೀಳದಂತೆ ನೋಡಿಕೊಂಡಿದ್ದರು. ಆಕೆಯದು ಕಪಟವಲ್ಲ. ನಮ್ಮ ಕಡೆಯ ಯಾವ ಹೆಣ್ಣುಮಗಳನ್ನಾದರೂ ಕೇಳಿ, ಮನೆಗೆ ದೊಡ್ಡವರು ಬರುತ್ತಾರೆಂದರೆ ಕೈ ತಾನಾಗಿಯೇ ಸೋಫಾದ ತೂತಿನ ಮೇಲೆ ಟವೆಲ್ ಹಾಸುತ್ತದೆ. ಆಕೆ ಅದನ್ನೇ ಹೇಳಿದರು: "ಬೀಗರು ಬರ್ತಾರಂದ್ರ ಹರದ ಹಾಸಿಗಿ ಹಾಸ್ತೀವೇನ್ರೀ?"

"ಬಂದವ ಬೀಗ ಅಲ್ಲವ್ವಾ, ಡಾಕ್ಟರ್!" ಅತ್ತೆ ಗಳದಿಂದ ಬಟ್ಟೆಯತ್ತ ತೋರಿಸಿದರು. "ಜಡ್ಡು ತೋರಸಂದ್ರ ಪೌಡರ್ ಹಚ್ಚಿ ಕೂಡಿಸೀರಿ!"

ಮುಖ್ಯೋಪಾಧ್ಯಾಯಿನಿಗೆ ಆಗ ಅರ್ಥವಾಯಿತು. ರೇಷ್ಮೆ ಸೀರೆಯಲ್ಲೇ ಮಕ್ಕಳ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟರು. ಅತ್ತೆ ಸಮಾಧಾನ ಹೇಳಲಿಲ್ಲ. ಗಳ ಎತ್ತಿ ಆ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಲು ಶುರು ಮಾಡಿದರು.

ಕಚೇರಿಗೆ ಹೋದರೆ ಎಂಜಿನಿಯರ್ ಕಣ್ಣರಳಿಸಿ ನೋಡಿದ. ಸಣ್ಣ ವಯಸ್ಸಿನವನು, ಕೆಟ್ಟವನೇನಲ್ಲ. ಅಂದು ಒಂದೇ ದಿನದಲ್ಲಿ ಹತ್ತಾರು ಶಾಲೆ ನೋಡಿ ಮುಗಿಸುವ ಅವಸರ ಅವನದು. "ವರದಿ ಹೋಗ್ಯಾದ್ರೀ ಅಮ್ಮಾ. ಸುಸ್ಥಿತಿಯಲ್ಲಿದೆ ಅಂತ ಬರದೀನಿ. ಈಗ ಮತ್ತ ಬದಲಿ ಮಾಡಾಕ ಬರೂದಿಲ್ಲ" ಎಂದ.

"ವರದಿ ಸುಸ್ಥಿತ್ಯಾಗ ಅದಪ್ಪಾ, ಅದಕ್ಕೇನೂ ಆಗಿಲ್ಲ" ಎಂದರು ಅತ್ತೆ. ನಾನು ಜಗಳ ನಿರೀಕ್ಷಿಸಿ ಸೆರಗು ಬಿಗಿಯುವಷ್ಟರಲ್ಲಿ ಅವರ ದನಿ ಜೇನಾಯಿತು. "ಇಷ್ಟು ಛಲೋ ವರದಿ ಬರದೀರಿ, ಸಾಲಿಯವರಿಗಿ ಬಾಳ ಖುಷಿ ಆಗ್ಯಾದ. ನಿಮಗೊಂದು ಸನ್ಮಾನ ಇಟ್ಟಾರ. ಬರಬೇಕು."

ಬಂಧುಗಳೇ, ನಮ್ಮ ಸೀಮೆಯಲ್ಲಿ ಸನ್ಮಾನವನ್ನು ಬೇಡವೆಂದವರನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಅವನು "ಇರ್ಲಿ ಬಿಡ್ರಿ" ಎಂದ, "ನಾನೇನು ಮಾಡೀನಿ" ಎಂದ, ಕೊನೆಗೆ "ಎಷ್ಟು ಗಂಟೇಕ್ರೀ?" ಎಂದ.

ಸನ್ಮಾನ ನಡೆದದ್ದು ಅದೇ ಹಿಂದಿನ ಕೋಣೆಯಲ್ಲಿ. ಬಟ್ಟೆ ಇಲ್ಲ, ತೋರಣ ಇಲ್ಲ. ಮಕ್ಕಳು, ಶಿಕ್ಷಕರು ಎಲ್ಲರನ್ನೂ ಅಂಗಳದಲ್ಲೇ ಕೂರಿಸಿದ್ದರು. ಒಳಗೆ ಎರಡೇ ಕುರ್ಚಿ, ಒಂದು ಸಾಹೇಬರಿಗೆ, ಅದರ ಪಕ್ಕದ್ದು ಅತ್ತೆಗೆ. ಕುರ್ಚಿ ಇಟ್ಟದ್ದು ಛಾವಣಿ ಗಟ್ಟಿ ಇದ್ದ ಬದಿಗೆ. ಅದು ಅತ್ತೆಗೆ ಗೊತ್ತಿತ್ತು, ಬಾಗಿಲಲ್ಲಿ ನಿಂತ ನನಗೂ ಗೊತ್ತಿತ್ತು. ಸಾಹೇಬರಿಗೆ ಗೊತ್ತಿರಲಿಲ್ಲ! ಮುಖ್ಯೋಪಾಧ್ಯಾಯಿನಿ ಅವಸರವಸರವಾಗಿ ಹಾರ ಹಾಕಿದರು, ಶಾಲು ಹೊದಿಸಿದರು, ಓಡಿ ಹೊರಗೆ ಬಂದರು. ಎಂಜಿನಿಯರ್ ನಗುನಗುತ್ತ ಕುಳಿತು ಒಮ್ಮೆ ಮೇಲೆ ನೋಡಿದ. ಅವನ ನಗು ಅಲ್ಲಿಗೇ ನಿಂತಿತು.

ಅತ್ತೆ ಕುಳಿತಲ್ಲಿಂದಲೇ ಗಳ ಚಾಚಿ ಕಿಟಕಿಯ ಬದಿಯ ಛಾವಣಿಯನ್ನು ಮೆಲ್ಲಗೆ ತಟ್ಟಿದರು. ರೊಟ್ಟಿ ಬಡಿಯುವ ಕಲ್ಲಿನಷ್ಟು ದೊಡ್ಡ ತುಂಡೊಂದು ಧಪ್ಪೆಂದು ಮೊದಲ ಬೆಂಚಿನ ಮೇಲೆ ಬಿತ್ತು. ಕೋಣೆ ತುಂಬ ಧೂಳು. ಎಂಜಿನಿಯರ್ ಹಾರಿ ನಿಂತ.

"ಕೂಡ್ರಿ ಸಾಹೇಬ್ರ" ಎಂದರು ಅತ್ತೆ, ಕದಲದೆ. "ಸುಸ್ಥಿತಿಯಲ್ಲಿದೆ. ನೀವೇ ಬರದೀರಿ."

"ಅಮ್ಮಾ, ಎದ್ದು ಬರ್ರಿ!"

"ನಾ ಯಾಕ ಏಳ್ಲಿ? ಮೂರನೇತ್ತೇದ ಮಕ್ಕಳು ದಿನಾ ಇಲ್ಲೇ ಕೂಡ್ತಾವ. ಅವು ಏಳಂಗಿಲ್ಲ. ಗುರುಗಳು ಏಳ ಅಂದ್ರ ಅಷ್ಟೇ ಏಳ್ತಾವ. ಇವತ್ತ ನೀವು ಏಳ ಅಂತ ಬರೀರಿ, ನಾ ಏಳ್ತೀನಿ."

ಅವನು ಓಡಿಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕಾಗಿಯೇ ನಾನು ಅವನನ್ನು ಕೆಟ್ಟವನಲ್ಲ ಎಂದದ್ದು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ತಲೆ ತುಂಬ ಸುಣ್ಣದ ಪುಡಿ, ಹಾಗೆಯೇ ನಿಂತು ಮೊಬೈಲಿನಲ್ಲಿ ಒಂದೊಂದು ಸರಳಿನ ಫೋಟೋ ತೆಗೆದ. ಆಮೇಲೆ ಅತ್ತೆಯ ಕೈ ಹಿಡಿದು ಎಬ್ಬಿಸಿ ಹೊರಗೆ ಕರೆತಂದ. ಅಂಗಳದಲ್ಲೇ ಕುಳಿತು, ಈ ಕೋಣೆಯಲ್ಲಿ ಇನ್ನು ಯಾರನ್ನೂ ಕೂರಿಸಕೂಡದು, ಹೊಸದು ಕಟ್ಟಬೇಕು ಎಂದು ಬರೆದು ಸಹಿ ಹಾಕಿದ. ವರದಿ ಬದಲಿಸಲು ಬರುವುದಿಲ್ಲ ಎಂಬ ಕಾಯ್ದೆ ಅಷ್ಟು ಬೇಗ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಕೋಣೆಗೆ ಬೀಗ ಬಿತ್ತು. ಕೂಡಲೇ ಮೇಲಿನಿಂದ ಮಾತು ಬಂತು, ಹೊಸ ಕೋಣೆ ಆಗುವ ತನಕ ಮೂರನೆಯ ತರಗತಿಯನ್ನು ಹೈವೇ ಆಚೆಯ ಶಾಲೆಗೆ ಕಳಿಸಿ ಎಂದು. ಮುಖ್ಯೋಪಾಧ್ಯಾಯಿನಿ ಹೆದರಿದ್ದೂ ಇದಕ್ಕೇ. ಅತ್ತೆ ಶಾಲೆಯೊಳಗಿನ ಆಕೆಯ ಕೋಣೆಗೆ ಹೋಗಿ ಸುತ್ತ ಕಣ್ಣಾಡಿಸಿದರು. ಮೇಲೆ ನೋಡಿದರು. ಗಳದಿಂದ ತಟ್ಟಿದರು.

"ಈ ಖೋಲಿ ಗಟ್ಟಿ ಅದ. ಮಕ್ಕಳು ಇಲ್ಲೇ ಕೂಡ್ತಾವ" ಎಂದರು.

"ನಾನ್ರೀ?"

"ನೀವು ವರಾಂಡದಾಗ ಕೂಡ್ರಿ. ಗಾಳಿ ಛಲೋ ಬರ್ತದ."

ಬೇರೆ ಯಾರಾದರೂ ಆಗಿದ್ದರೆ ಗಳ ಕಿತ್ತುಕೊಂಡು ಓಡಿಸುತ್ತಿದ್ದರು. ಆಕೆ ಮಾತ್ರ ಅರೆಗಳಿಗೆ ಯೋಚಿಸಿ ತಮ್ಮ ಮೇಜಿನ ಒಂದು ತುದಿ ಹಿಡಿದರು, ಇನ್ನೊಂದು ತುದಿಯನ್ನು ಅತ್ತೆ ಹಿಡಿದರು. ಅಂದಿನಿಂದ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ವರಾಂಡದಲ್ಲಿ, ಬೇಸಿಗೆಯ ಝಳಕ್ಕೂ ಮಳೆಯ ಇರುಚಲಿಗೂ ಮುಖ ಕೊಟ್ಟು ಕುಳಿತು ಆಡಳಿತ ನಡೆಸಿದರು. ಕಳಿಸಿ, ಕಳಿಸಿ ಎಂದು ಫೋನು ಬಂದಾಗಲೆಲ್ಲ, "ಕಳಸಂಗಿಲ್ಲ್ರೀ" ಎಂದು ಇಡುತ್ತಿದ್ದರು. ಶಾಮಿಯಾನ ಕಟ್ಟಿಸಿದ ಹೆಂಗಸು ಇವರೇನಾ ಎಂದು ನನಗೆ ಆಶ್ಚರ್ಯ. ಹಟ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ಕಾಣುತ್ತದೆ.

ಹೊಸ ಕೋಣೆ ಈಗ ಏಳುತ್ತಿದೆ. ಕಿಟಕಿಯ ಮಟ್ಟಕ್ಕೆ ಗೋಡೆ ಬಂದಿದೆ, ಗುತ್ತಿಗೆದಾರನಿಗೆ ನಮ್ಮತ್ತೆಯೆಂದರೆ ಜ್ವರ ಬರುತ್ತದೆ. ಆ ಕಥೆ ಹಾಗಿರಲಿ. ನಾನು ಹೇಳಬೇಕಾದದ್ದು ಕಳೆದ ಮಳೆಗಾಲದ ಒಂದು ದಿನದ ಮಾತು.

ಬಿಡದೆ ಮಳೆ ಸುರಿದ ವಾರ ಅದು. ಬ್ಯಾಂಕಿಗೆ ರಜೆ ಹಾಕಿ ನಾನು ಅತ್ತೆಯ ಮನೆಗೆ ಹೋಗಿದ್ದೆ. ಮಧ್ಯಾಹ್ನಕ್ಕೆ ಮುಂಚೆ ಕಮಲಾಪುರದಿಂದ ಫೋನು ಬಂತು. ಹಿಂದಿನ ಕೋಣೆಯ ಛಾವಣಿ ಕುಸಿದಿತ್ತು. ಶಾಲೆ ನಡೆಯುವ ವೇಳೆಯಲ್ಲೇ, ಮಕ್ಕಳು ಪಾಠ ಕೇಳುತ್ತಿದ್ದಾಗಲೇ. "ಯಾರಿಗೂ ಏನೂ ಆಗಿಲ್ಲ ಅಕ್ಕಾವ್ರ, ಖೋಲಿ ಖಾಲಿ ಇತ್ತು, ಬೀಗ ಹಾಕಿತ್ತು" ಎಂದು ಮುಖ್ಯೋಪಾಧ್ಯಾಯಿನಿ ಮತ್ತೆ ಮತ್ತೆ ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಾನು ಹೇಳಿರಲಿಲ್ಲವೇ ಎಂದು ಅತ್ತೆ ಊರೆಲ್ಲ ಕೇಳುವಂತೆ ಕೂಗುತ್ತಾರೆ ಎಂದುಕೊಂಡೆ. ಕೂಗುವ ಹಕ್ಕು ಅವರಿಗಿತ್ತು. ಅವರು ಫೋನು ಇಟ್ಟರು, ಚಪ್ಪಲಿ ಮೆಟ್ಟಿದರು. ಗಳ ಮುಟ್ಟಲಿಲ್ಲ.

ಸಿಕ್ಕ ಮೊದಲ ಬಸ್ಸು ಹತ್ತಿದೆವು. ಶಾಲೆಗೆ ಹೋದಾಗ ಜನ ಹಿಂದಿನ ಕೋಣೆಯ ಮುಂದೆ ಸೇರಿದ್ದರು. ಬಾಗಿಲಿನಿಂದಲೇ ಆಕಾಶ ಕಾಣುತ್ತಿತ್ತು. ಬ್ಯಾಂಕಿನವಳು ನಾನು, ಅಂಥದಕ್ಕೆಲ್ಲ ಅಳುವವಳಲ್ಲ, ಆದರೆ ಆ ಮೊದಲ ಬೆಂಚಿನ ಗತಿ ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅತ್ತೆ ಅತ್ತ ನೋಡಲೇ ಇಲ್ಲ. ಜೀವಮಾನವಿಡೀ ಛಾವಣಿ ನೋಡಿದ ಹೆಂಗಸು ಅಂದು ಅದರ ಕಡೆಗೆ ತಿರುಗದೆ ನೇರ ಮೂರನೆಯ ತರಗತಿಗೆ ನಡೆದರು. ಮಕ್ಕಳು ಬೆದರಿ ಒತ್ತೊತ್ತಾಗಿ ಕುಳಿತಿದ್ದರು.

"ಬಾಯಾರ, ಹಾಜರಿ ಕೂಗ್ರಿ" ಎಂದರು.

"ಬೆಳಿಗ್ಗೆ ಆಗ್ಯಾದ್ರೀ ಅಕ್ಕಾವ್ರ."

"ಮತ್ತೊಮ್ಮೆ ಕೂಗ್ರಿ. ನಾ ಕೇಳಬೇಕು."

ಮುಖ್ಯೋಪಾಧ್ಯಾಯಿನಿ ಒಂದೊಂದೇ ಹೆಸರು ಕೂಗಿದರು. "ಹಾಜರ್ ಟೀಚರ್." "ಹಾಜರ್ ಟೀಚರ್." ಒಂದೊಂದು ಉತ್ತರಕ್ಕೂ ಅತ್ತೆ ತಲೆಯಾಡಿಸುತ್ತಿದ್ದರು, ಆ ಮಗುವಿನ ಮುಖವನ್ನು ನೋಡುತ್ತಿದ್ದರು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಎರಡನೆಯ ಸಲ ಕೂಗಿದರೂ ಬರಲಿಲ್ಲ. ಅತ್ತೆ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿತು. ಗೋಡೆಯ ಬದಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ಪೆನ್ಸಿಲ್ ಕೆತ್ತುವುದರಲ್ಲಿ ಮುಳುಗಿದ್ದಳು. ಪಕ್ಕದವಳು ಮೊಣಕೈಯಿಂದ ತಿವಿದಾಗ ದಡಬಡಿಸಿ ಎದ್ದು, "ಹಾಜರ್ ಟೀಚರ್!" ಎಂದಳು. ಮಕ್ಕಳೆಲ್ಲ ನಕ್ಕರು.

ನಮ್ಮತ್ತೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆ ಹುಡುಗಿಯನ್ನು ಹತ್ತಿರ ಕರೆದು, ಪೆನ್ಸಿಲಿನ ಪುಡಿ ಹತ್ತಿದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇನ್ನೊಮ್ಮೆ ಹೇಳು ನನ್ನವ್ವಾ" ಎಂದರು. "ಜೋರಾಗಿ ಹೇಳು."